ಮೈಕಮ್ಮನ ಸ್ವರಶುದ್ಧಿ

ಆ ಬಸ್ ನಿಲ್ದಾಣದಲ್ಲಿ ಮೈಕಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು ಎಂಬುದು ಹಾಜರಿ ಪುಸ್ತಕವನ್ನು ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಕಂಡಕ್ಟರುಗಳಿಗೆ, ಮೂಟೆ ಹೊರುವವರಿಗೆ, ಹಣ್ಣಿನಂಗಡಿಯವನಿಗೆ, ಕೊನೆಗೆ ಕಟ್ಟಿಕೊಂಡ ಗಂಡನಿಗೂ ಅವಳು ಮೈಕಮ್ಮನೇ. ಅವಳು ಈ ಕೆಲಸಕ್ಕೆಂದು ಬಂದವಳಲ್ಲ. ವಿಚಾರಣೆಯ ಕಿಟಕಿಯ ಹಿಂದೆ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಉತ್ತರ ಹೇಳುತ್ತಿದ್ದವಳು. ಒಂದು ದಿನ ಮೈಕಿನಲ್ಲಿ ಕೂಗುವ ಮನುಷ್ಯನ ಗಂಟಲು ಕಟ್ಟಿತು. ಮೂರು ದಿನದ ಮಟ್ಟಿಗೆ ನೀನೇ ಕೂತ್ಕೋ ಎಂದರು. ಆ ಮೂರು ದಿನ ಹತ್ತೊಂಬತ್ತು ವರ್ಷ ನಡೆಯಿತು. ಕಚೇರಿಗಳಲ್ಲಿ ತಾತ್ಕಾಲಿಕ ಎಂಬುದರ ಆಯಸ್ಸು ಯಾವಾಗಲೂ ಗಟ್ಟಿ.

ಪಾರ್ಸೆಲ್ ಕೌಂಟರಿನ ಪಕ್ಕ ಹನ್ನೆರಡು ಮೆಟ್ಟಿಲು ಹತ್ತಿದರೆ ಸಿಗುವ ಗಾಜಿನ ಗೂಡು ಅವಳ ಕೋಣೆ. ಒಂದು ಮೈಕು, ಅದರ ತಲೆಗೆ ಕಾಲುಚೀಲದಂಥ ಸ್ಪಂಜಿನ ಟೋಪಿ. ಒಂದು ಕೆಂಪು ದೀಪ. ಹಳೆಯ ವೇಳಾಪಟ್ಟಿಯನ್ನು ಮಡಚಿ ಒಂದು ಕಾಲಿನಡಿ ಕೊಟ್ಟು ನಿಲ್ಲಿಸಿದ ಕುರ್ಚಿ. ಗಾಜಿನಾಚೆ ಎ ಅಕ್ಷರದಿಂದ ಜೆ ಅಕ್ಷರದವರೆಗೆ ಹತ್ತು ಗೇಟು. ಸಮುದ್ರ ನೋಡಲು, ಬೆಟ್ಟ ಹತ್ತಲು ನಾನಾ ದೇಶದವರು ಆ ನಿಲ್ದಾಣದ ಮೇಲೆಯೇ ಹೋಗಬೇಕಾದ್ದರಿಂದ ಪ್ರತಿಯೊಂದನ್ನೂ ಕನ್ನಡದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಬೇಕಿತ್ತು.

ಮೈಕಮ್ಮನ ಇಂಗ್ಲಿಷು ಯಾವ ಶಾಲೆಯದ್ದೂ ಅಲ್ಲ, ಕಿಟಕಿಯದ್ದು. ಅಲ್ಲಿ ಕೂತಿದ್ದ ಮೊದಲ ತಿಂಗಳಲ್ಲೇ ಅವಳಿಗೆ ಒಂದು ಸಂಗತಿ ಹೊಳೆದಿತ್ತು. ಎ ಎಂಬ ಒಂದು ಅಕ್ಷರವನ್ನು ಕೆಲವು ದೇಶದವರು ಆ ಅನ್ನುತ್ತಾರೆ. ನಾವು ಇ ಅನ್ನುವುದನ್ನು ಅವರು ಎ ಅನ್ನುತ್ತಾರೆ. ನಾವು ಐ ಅನ್ನುವುದು ಅವರಿಗೆ ಇ. ಎಲ್ಲರೂ ಅದನ್ನು ಇಂಗ್ಲಿಷ್ ಎಂದೇ ನಂಬಿ ಹೇಳುತ್ತಾರೆ, ಎಲ್ಲರೂ ತಪ್ಪು ಗೇಟಿಗೇ ಓಡುತ್ತಾರೆ. ಅದಕ್ಕೆ ಅವಳು ಅಕ್ಷರದ ಜೊತೆ ಗುರುತನ್ನೂ ಹೇಳತೊಡಗಿದಳು. ಗೇಟ್ ಎ, ಗಡಿಯಾರದ ಕೆಳಗೆ. ಗೇಟ್ ಇ, ಕುಡಿಯುವ ನೀರಿನ ಪಕ್ಕ. ಗೇಟ್ ಐ, ಹಣ್ಣಿನಂಗಡಿಯ ಎದುರು. ಒಂದೊಂದು ಸ್ವರವನ್ನೂ ಮೊಳ ಹಾಕಿ ಅಳೆದಂತೆ ಪೂರ್ತಿ ಬಾಯಿ ತೆರೆದು, ನಿಧಾನವಾಗಿ, ಎರಡು ಸಲ. ಹತ್ತೊಂಬತ್ತು ವರ್ಷದಲ್ಲಿ ಅವಳ ಮಾತು ಕೇಳಿ ಬಸ್ಸು ತಪ್ಪಿಸಿಕೊಂಡವರು ಯಾರೂ ಇರಲಿಲ್ಲ. ಹಾಗಾಗಿ ಅವಳಿಗೆ ಇಂಗ್ಲಿಷ್ ಬರುವುದಿಲ್ಲ ಎಂಬುದು ಯಾರ ಗಮನಕ್ಕೂ ಬಂದಿರಲಿಲ್ಲ.

ಅದನ್ನು ಗಮನಿಸಲು ಹೊಸ ಮೇಲಧಿಕಾರಿಯೇ ಬರಬೇಕಾಯಿತು. ಸಾಹೇಬರು ಎಂದೋ ಹೊರದೇಶದಲ್ಲಿ ಮೂರು ದಿನದ ಒಂದು ಸಭೆಗೆ ಹೋಗಿ ಬಂದಿದ್ದರು, ಅಲ್ಲಿಂದೀಚೆಗೆ ಪೂರ್ತಿ ಊರಿಗೆ ಮರಳಿರಲಿಲ್ಲ. ಯಾರ ಇಂಗ್ಲಿಷು ಕೇಳಿದರೂ ಹಲ್ಲಿಗೆ ಕಲ್ಲು ಸಿಕ್ಕವರಂತೆ ಮುಖ ಕಿವುಚುತ್ತಿದ್ದರು. ತಿನಿಸಿಗೆ ಅವರು ಅನ್ನುತ್ತಿದ್ದುದು ಸ್ನೇಕ್ಸ್ ಎಂದು. ಪ್ರತಿ ಸಭೆಯಲ್ಲೂ ಟೀ ಜೊತೆ ಹಾವು ತರಿಸುತ್ತಿದ್ದರು, ಕ್ಯಾಂಟೀನಿನವನು ಬಿಸ್ಕತ್ತು ತಂದಿಡುತ್ತಿದ್ದ. ಆ ಬಗ್ಗೆ ಇಬ್ಬರಿಗೂ ತಕರಾರಿರಲಿಲ್ಲ.

ಅವರು ಬಂದ ಆರನೆಯ ತಿಂಗಳಿಗೆ ದೂರಿನ ಕಾಗದವೊಂದು ಬಂತು. ಇಂಗ್ಲಿಷೇ ತಾಯಿನುಡಿಯಾಗಿರುವ ದೇಶದವನೊಬ್ಬ ಕೈಯಲ್ಲೇ ಬರೆದ ಕಾಗದ. ಕೈಬರಹ ಓದುವುದು ಸಾಹೇಬರ ಅಂತಸ್ತಿಗೆ ಒಗ್ಗುತ್ತಿರಲಿಲ್ಲ, ಆದ್ದರಿಂದ ಬಂದ ಕಾಗದಗಳನ್ನೆಲ್ಲ ಟೈಪಕ್ಕ ಟೈಪು ಮಾಡಿ ಒಪ್ಪಿಸಬೇಕು. ಟೈಪಕ್ಕ ಅಂದರೆ ಕಚೇರಿಯ ಟೈಪಿಸ್ಟು, ಮೈಕಮ್ಮನ ಊಟದ ಜೊತೆಗಾತಿ, ನಿವೃತ್ತಿಗೆ ಇನ್ನು ಏಳು ತಿಂಗಳು ಬಾಕಿ ಇದ್ದವಳು. ಅವಳು ಟೈಪು ಮಾಡಿದ ಪ್ರತಿಯ ಕೆಳಗೆ "ಮೂಲದೊಂದಿಗೆ ಹೋಲಿಸಿ ನೋಡಿದೆ, ಸರಿಯಿದೆ" ಎಂಬ ಮೊಹರು ಬೀಳುತ್ತಿತ್ತು. ಅದರ ಮೇಲೆ ಸಾಹೇಬರು ಯಾವುದನ್ನೂ ಹೋಲಿಸದೆ, ಏನನ್ನೂ ನೋಡದೆ ಸಹಿ ಹಾಕುತ್ತಿದ್ದರು.

ಮರುದಿನ ಎಲ್ಲರನ್ನೂ ಕರೆಸಿ ಸಾಹೇಬರು ಆ ಪ್ರತಿಯನ್ನು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದರು.

"ನಿಮ್ಮ ನಿಲ್ದಾಣದ ವವೆಲ್‌ಗಳು ಅಸಹ್ಯವಾಗಿವೆ. ವವೆಲ್ ಅಂದ್ರೆ ಗೊತ್ತಲ್ಲ, ಸ್ವರ. ಅಸಹ್ಯವಾಗಿವೆ, ಒದ್ದೆಯಾಗಿವೆ, ಹಳಸಿದ ವಾಸನೆ ಬರ್ತಿದೆ. ಎಷ್ಟು ಜನ ಬಳಸಿ ಬಿಟ್ಟಿದ್ದಾರೋ ಗೊತ್ತಿಲ್ಲ. ನನ್ನ ಹೆಂಡತಿಗೆ ಮುಖದ ತುಂಬ ತುರಿಕೆ ಬಂದಿದೆ. ಕೂಡಲೇ ಬದಲಾಯಿಸಿ."

ಪಾರ್ಸೆಲ್ ಗುಮಾಸ್ತ ಕೆಮ್ಮಿದ.

"ಒದ್ದೆ ಅಂದ್ರೆ ಏನು ಸರ್, ಸ್ವರ ಒದ್ದೆಯಾಗೋದು?"

"ಬಿಗಿ ಇಲ್ಲ ಅಂತ ಅರ್ಥ. ಇಂಗ್ಲಿಷ್‌ನೋರು ನಮ್ಮ ಹಾಗೆ ನೇರವಾಗಿ ಬಯ್ಯಲ್ಲ ಕಣ್ರೀ, ಅಲಂಕಾರದಲ್ಲಿ ಬಯ್ತಾರೆ."

"ಮತ್ತೆ ತುರಿಕೆ ಕಿವಿಗೆ ಬರಬೇಕಿತ್ತಲ್ವಾ ಸರ್? ಮುಖಕ್ಕೆ ಯಾಕೆ ಬಂತು?"

"ಕಿವಿ ಎಲ್ಲಿರುತ್ತೆ? ಮುಖದ ಪಕ್ಕದಲ್ಲೇ ತಾನೇ?"

ಇದಕ್ಕೆ ಎದುರಾಡುವಷ್ಟು ಶರೀರಶಾಸ್ತ್ರ ಯಾರಿಗೂ ಗೊತ್ತಿರಲಿಲ್ಲ. ಎಲ್ಲರ ಕಣ್ಣೂ ಮೈಕಮ್ಮನ ಮೇಲೆ ಬಿದ್ದವು. ನಿಲ್ದಾಣದಲ್ಲಿ ಸ್ವರ ಹೊರಡಿಸುವವಳು ಅವಳೊಬ್ಬಳೇ ತಾನೇ. ಮೈಕಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ತನ್ನ ಬಾಯಿಂದ ಬಂದದ್ದು ಇನ್ನೊಬ್ಬ ಹೆಂಗಸಿಗೆ ತುರಿಕೆ ತರಿಸುವಷ್ಟು ಕೆಟ್ಟದಾಗಿತ್ತೇ ಎಂದು ಅವಳಿಗೆ ನಿಜವಾಗಿಯೂ ಸಂಕಟವಾಯಿತು.

ಒಂದೇ ತಿಂಗಳಲ್ಲಿ ಸ್ವರಶುದ್ಧಿ ಶಿಬಿರ ಮಂಜೂರಾಯಿತು. ಶೌಚಾಲಯದ ಮುರಿದ ನಲ್ಲಿ ಬದಲಾಯಿಸಲು ನಾಲ್ಕು ವರ್ಷದಿಂದ ತಿರುಗುತ್ತಿದ್ದ ಕಡತ ಅದೇ ಮೇಜಿನ ಮೇಲೆ, ಶಿಬಿರದ ಕಡತದ ಕೆಳಗೇ ಇತ್ತು.

ಕಲಿಸಲು ಬಂದವಳು ಭೂಗೋಳದ ಕೆಳತುದಿಯ ಒಂದು ಇಂಗ್ಲಿಷ್ ದೇಶದ ಹೆಂಗಸು. ಕೆಂಪು ಕೆನ್ನೆ, ದೊಡ್ಡ ನಗು, ಕೈಯಲ್ಲಿ ಸದಾ ನೀರಿನ ಬಾಟಲಿ. ಮನಸ್ಸು ಒಳ್ಳೆಯದು. ಆದರೆ ಅವಳ ದೇಶದಲ್ಲಿ ಎ ಅಕ್ಷರವನ್ನು ಐ ಅನ್ನುತ್ತಿದ್ದರು. ಐ ಅಕ್ಷರ ಅವಳ ಬಾಯಿಂದ ಬರುವಾಗ ಓಯ್ ಆಗುತ್ತಿತ್ತು. ಅವಳು ಮೊದಲ ದಿನ ನಿಲ್ದಾಣದ ನಡುವೆ ನಿಂತು ಗೇಟುಗಳನ್ನು ಬೆರಳು ಮಾಡಿ ಓದುತ್ತಾ "ಓಯ್" ಅಂದಾಗ ಮೂಟೆ ಹೊರುವ ಆರು ಜನ ಒಟ್ಟಿಗೆ ತಿರುಗಿ "ಏನ್ರೀ" ಅಂದರು. ಅಂದಿನಿಂದ ಅವಳು ಓಯ್ ಮೇಡಂ.

ಕಳೆದುಹೋದ ಸಾಮಾನಿನ ಕೋಣೆಯಿಂದ ಕೊಡೆಗಳನ್ನೆಲ್ಲ ಹೊರಗೆ ಹಾಕಿ ಹನ್ನೊಂದು ಕುರ್ಚಿ ಇಟ್ಟರು. ಗೋಡೆಯ ಮೇಲೆ, ಮನುಷ್ಯನ ತಲೆಯನ್ನು ಕುಂಬಳಕಾಯಿಯಂತೆ ಎರಡು ಹೋಳು ಮಾಡಿ ನಾಲಿಗೆ ತೋರಿಸುವ ಚಿತ್ರ. ಪ್ರತಿಯೊಬ್ಬರಿಗೂ ಒಂದು ಕೈಗನ್ನಡಿ, ಹಲ್ಲಿನ ನಡುವೆ ಕಚ್ಚಿಕೊಳ್ಳಲು ಒಂದು ಬಿರಡೆ. ಟಿಕೆಟ್ ಕೊಡುವವರು, ಪಾರ್ಸೆಲ್ ಗುಮಾಸ್ತ, ಕಾವಲುಗಾರ ಎಲ್ಲರೂ ಬಿರಡೆ ಕಚ್ಚಿ ಕನ್ನಡಿ ನೋಡುತ್ತಾ ಕೂತರು.

ಅಲ್ಲಿ ಮೈಕಮ್ಮನಿಗೆ ತಿಳಿದದ್ದು ಇಷ್ಟು. ಕನ್ನಡದಲ್ಲಿ ಸ್ವರಕ್ಕೊಂದು ಅಕ್ಷರ, ಅಕ್ಷರಕ್ಕೊಂದು ಸ್ವರ. ಆ ಅಂದರೆ ಆ, ಊ ಅಂದರೆ ಊ, ಯಾರ ಮುಲಾಜೂ ಇಲ್ಲ. ಇಂಗ್ಲಿಷಿನದು ಐದೇ ಅಕ್ಷರದಲ್ಲಿ ಇಪ್ಪತ್ತು ಸ್ವರದ ಸಂಸಾರ ತೂಗಿಸುವ ಮನೆತನ. ಇದ್ದ ಒಂದು ಒಳ್ಳೆಯ ಅಂಗಿಯನ್ನು ಅಣ್ಣ ತಮ್ಮಂದಿರೆಲ್ಲ ಸರದಿಯ ಮೇಲೆ ತೊಟ್ಟು ಮದುವೆಗೆ ಹೋದ ಹಾಗೆ. ಯಾವ ಅಂಗಿಯೊಳಗೆ ಯಾವ ತಮ್ಮ ಇದ್ದಾನೆ ಎಂದು ಹತ್ತಿರದವರಿಗಷ್ಟೇ ಗೊತ್ತು. ದೂರದವರಿಗೆ ಗೊತ್ತಾಗದಿದ್ದರೆ ಅದು ದೂರದವರ ತಪ್ಪು.

ಆ ಇಪ್ಪತ್ತರಲ್ಲಿ ಒಂದು ಸ್ವರವಂತೂ ಸೋಮಾರಿಗಳ ರಾಜ. ನಾಲಿಗೆಯನ್ನು ಎಲ್ಲೂ ಇಡಬಾರದು, ತುಟಿ ಅಲ್ಲಾಡಿಸಬಾರದು, ಬಾಯಲ್ಲಿ ಏನೂ ಮಾಡದೆ ಸುಮ್ಮನೆ ಉಸಿರು ಬಿಡಬೇಕು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಅದೇ ಸ್ವರವಂತೆ. ಅದರಲ್ಲಿ ಪಾರ್ಸೆಲ್ ಗುಮಾಸ್ತ ಮೊದಲ ದಿನವೇ ಪೂರ್ತಿ ಅಂಕ ತೆಗೆದ. ಏನೂ ಮಾಡದಿರುವುದರಲ್ಲಿ ಅವನಿಗೆ ಇಪ್ಪತ್ತು ವರ್ಷದ ಅನುಭವವಿತ್ತು. ಮೈಕಮ್ಮನಿಗೆ ಬರಲಿಲ್ಲ. ಬಾಯಿ ತೆರೆದು ಬದುಕಿದವಳು, ಅರ್ಧ ನುಂಗಿ ಅರ್ಧ ಬಿಡುವುದು ಅವಳಿಗೆ ಕಳ್ಳತನದಂತೆ ತೋರಿತು.

ನಾಲ್ಕನೆಯ ದಿನ ಓಯ್ ಮೇಡಂ ಮೈಕಮ್ಮನ ಹಳೆಯ ಪ್ರಕಟಣೆಯೊಂದನ್ನು ಧ್ವನಿಮುದ್ರಿಸಿಕೊಂಡು ತಂದಿದ್ದಳು. ತಪ್ಪುಗಳನ್ನು ಎಲ್ಲರೂ ಸೇರಿ ಗುರುತಿಸೋಣ ಎಂದು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಹಾಕಿದಳು. ಮೈಕಮ್ಮ ತನ್ನ ಧ್ವನಿಯನ್ನು ಹೊರಗಿನವಳಾಗಿ ಕೇಳಿದ್ದು ಅದೇ ಮೊದಲು. ಅಷ್ಟು ದಪ್ಪ ಧ್ವನಿಯೇ ತನ್ನದು? ಅಷ್ಟು ಎಳೆಯುತ್ತೇನೆಯೇ? ಬದಿಯ ಕುರ್ಚಿಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಸಾಹೇಬರು ಬಾಗಿಲಲ್ಲಿ ನಿಂತು, ಪಾಪ ಅನ್ನುವುದಕ್ಕೆ, "ಪೂರ್ ಪೆಲೋ" ಅಂದರು. ಅವಳು ಕೂಗಿದ ಬಸ್ಸು ಹತ್ತಿಯೇ ಹತ್ತೊಂಬತ್ತು ವರ್ಷ ಮನೆ ಸೇರಿದ ಜನ, ಬಿರಡೆ ಕೈಯಲ್ಲಿ ಹಿಡಿದು ನಕ್ಕರು. ಮೈಕಮ್ಮನೂ ಅವರ ಜೊತೆ ನಕ್ಕಳು. ಅಳದಿರಲು ಆ ಕ್ಷಣಕ್ಕೆ ಬೇರೆ ದಾರಿ ಕಾಣಲಿಲ್ಲ.

ಅವಳ ಗಂಡನದು ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ. ಸಂಜೆ ಅವಳು ನೇರ ಅಲ್ಲಿಗೆ ಹೋಗಿ ಗಿರಾಕಿಯ ಕುರ್ಚಿಯಲ್ಲಿ ಕೂತಳು. ಅವನು ಮಸೂರವೊಂದರ ಅಂಚು ಉಜ್ಜುತ್ತಿದ್ದ.

"ರೀ, ನನ್ನ ಮಾತು ಅಷ್ಟು ಕೆಟ್ಟದಾಗಿದೆಯಾ?"

ಅವನು ತಲೆ ಎತ್ತದೆ ಗೋಡೆಯ ಮೇಲಿನ ಅಕ್ಷರದ ಪಟ್ಟಿಯತ್ತ ಗಲ್ಲ ತೋರಿಸಿದ. "ಅಲ್ಲಿ ಮೇಲೆ ಇ ಇದೆಯಲ್ಲ. ಒಬ್ರು ಇ ಅಂತಾರೆ, ಒಬ್ರು ಎ ಅಂತಾರೆ. ಓದು ಬಾರದೋರು ಮೂರು ಹಲ್ಲಿನ ಬಾಚಣಿಗೆ ಅಂತಾರೆ. ನಾನ್ ನೋಡೋದು ಕಾಣಿಸ್ತಾ ಇದೆಯಾ ಇಲ್ವಾ ಅಂತ."

"ನಾನ್ ಕೇಳಿದ್ದಕ್ಕೆ ಉತ್ತರ ಹೇಳಿ."

"ಅದೇ ಉತ್ತರ."

ಗಂಡಂದಿರ ಸಮಾಧಾನ ಸಾಮಾನ್ಯವಾಗಿ ಎರಡು ದಿನ ತಡವಾಗಿ ನಾಟುತ್ತದೆ. ಆಗ ಅವಳಿಗೆ ಸಿಟ್ಟೇ ಬಂತು. ಸಿಟ್ಟಿನಲ್ಲೇ ಎದ್ದು ಹೊರಟವಳನ್ನು ಅವನು ಕರೆದು ಹೇಳಿದ, "ನಿಮ್ಮ ಟೈಪಕ್ಕನಿಗೆ ಹೊಸ ಕನ್ನಡಕ ತಯಾರಾಗಿದೆ ಅಂತ ಹೇಳು. ಎರಡು ವರ್ಷದಿಂದ ಆಯಮ್ಮ ಅಂದಾಜಿನ ಮೇಲೆ ಓದ್ತಾ ಇದ್ಲು. ನಂಬರು ನೋಡಿ ನಂಗೇ ಭಯ ಆಯ್ತು."

ಟೈಪಕ್ಕ ಹೊಸ ಕನ್ನಡಕ ಹಾಕಿಕೊಂಡು ಕಚೇರಿಗೆ ಬಂದ ದಿನ ಲೋಕವೆಲ್ಲ ತೊಳೆದಿಟ್ಟಂತೆ ಕಂಡಿತಂತೆ. ಆ ಸಂಭ್ರಮದಲ್ಲಿ ಹಳೆಯ ಕಡತಗಳನ್ನೆಲ್ಲ ತೆಗೆದು ಓದತೊಡಗಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಹನ್ನೆರಡು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ, ಗಾಜಿನ ಗೂಡಿನ ಬಾಗಿಲು ಒಳಗಿನಿಂದ ಚಿಲಕ ಹಾಕಿಕೊಂಡಳು. ಕೈಯಲ್ಲಿ ಆ ದೂರಿನ ಮೂಲ ಕಾಗದ.

"ಮೈಕಮ್ಮ, ಇದನ್ನ ಓದು."

ಮೈಕಮ್ಮ ಓದಿದಳು. ಬರೆದವನು ಟಿ ಅಕ್ಷರದ ಅಡ್ಡಗೆರೆ ಎಳೆಯದೆ, ಬಾಲ ಮಾತ್ರ ಓರೆಯಾಗಿ ಎತ್ತಿದ್ದರಿಂದ ಅದು ವಿ ಆಗಿ ಕಾಣುತ್ತಿತ್ತು. ಆದರೆ ಎರಡನೆಯ ಪುಟದಲ್ಲಿ ಅದೇ ಪದ ಸ್ಪಷ್ಟವಾಗಿತ್ತು, ಎಲ್ಲಿ ತೂಗುಹಾಕಿದ್ದು ಎಂಬುದೂ ಇತ್ತು.

"ಟವೆಲ್," ಅಂದಳು ಮೈಕಮ್ಮ.

"ಟವೆಲ್ ಕಣೇ. ಪ್ರಯಾಣಿಕರ ವಿಶ್ರಾಂತಿ ಕೋಣೆಯಲ್ಲಿ ಕೈ ಒರೆಸೋ ಟವೆಲ್. ಆ ಯಪ್ಪ ಅದನ್ನ ಬಯ್ದು ಬರೆದಿದ್ದಾನೆ. ನಾನು ವವೆಲ್ ಅಂತ ಕುಟ್ಟಿ, ಎರಡನೇ ಪುಟ ಬಿಟ್ಟೇಬಿಟ್ಟಿದ್ದೀನಿ." ಟೈಪಕ್ಕ ಹೊಸ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. "ಹೋಗಿ ಸಾಹೇಬ್ರಿಗೆ ಹೇಳ್ಬಿಡ್ತೀನಿ. ನನ್ನಿಂದ ನಿನ್ನ ಮಾನ ಹೋಯ್ತು."

ಮೈಕಮ್ಮ ಕಾಗದವನ್ನು ಇನ್ನೊಮ್ಮೆ ಓದಿದಳು. ಮೊದಲು ಬಂದದ್ದು ನಗು. ಒದ್ದೆ ಟವೆಲ್ಲು, ಹಳಸಿದ ಟವೆಲ್ಲು, ತುರಿಕೆ ತರಿಸಿದ ಟವೆಲ್ಲು. ಆಮೇಲೆ ಬಂದದ್ದು ಉರಿ. ಒಂದು ಟವೆಲ್ಲಿಗಾಗಿ ಅವಳು ಬಿರಡೆ ಕಚ್ಚಿದ್ದಳು. ಆಮೇಲೆ ಎದುರಿಗಿದ್ದ ಹೆಂಗಸು ಹೊಸ ಕನ್ನಡಕವನ್ನು ಸೆರಗಿನಿಂದ ಮತ್ತೆ ಮತ್ತೆ ಒರೆಸುವುದು ಕಂಡಿತು.

"ಹೇಳಿದ್ರೆ ಏನಾಗುತ್ತೆ ಅಕ್ಕಾ? ತಪ್ಪು ಟೈಪು ಮಾಡಿದ್ದಕ್ಕೆ ನಿಮ್ಮ ಮೇಲೆ ವಿಚಾರಣೆ ಕೂರಿಸ್ತಾರೆ. ಆರು ತಿಂಗಳಲ್ಲಿ ನಿವೃತ್ತಿ. ಪಿಂಚಣಿ ನಿಲ್ಲಿಸಿಬಿಟ್ರೆ?"

"ಹಾಗಂತ ನೀನು ಅನುಭವಿಸ್ಬೇಕಾ?"

"ಸ್ವರ ತಾನೇ, ಸವೆದು ಹೋಗಲ್ಲ. ಕಾಗದ ನನ್ನ ಹತ್ರ ಇರ್ಲಿ. ಊಟ ಮಾಡಿ."

ಶಿಬಿರದ ಕೊನೆಗೆ ಪರೀಕ್ಷೆ ಮಾಡಲು ಇನ್ನೊಬ್ಬ ತಜ್ಞ ಬಂದ. ಅವನು ಇಂಗ್ಲಿಷ್ ಹುಟ್ಟಿದ ದೇಶದವನೇ, ಅದರಲ್ಲೂ ಆ ದೇಶದ ಉತ್ತರ ಭಾಗದವನು. ಮೈಕಮ್ಮನನ್ನು ಕೂರಿಸಿ ಮೊದಲ ಪದ ಕೇಳಿದ. ಅವಳು ಓಯ್ ಮೇಡಂ ಕಲಿಸಿದಂತೆ ಬಾಯಿ ಅಗಲಿಸಿ ಬಸ್ ಅಂದಳು.

"ತಪ್ಪು," ಅಂದ ಆತ. "ಬುಸ್."

ಬಾಗಿಲ ಬಳಿ ನಿಂತಿದ್ದ ಮೂಟೆಯವನು ಥಟ್ಟನೆ ಕಾಲೆತ್ತಿ ನೆಲ ನೋಡಿದ. ಆ ಗಳಿಗೆಯಿಂದ ತಜ್ಞನ ಹೆಸರು ಬುಸ್ ಸಾಹೇಬ.

"ಅದು ನಿಮ್ಮೂರಿನ ಮಾತು," ಎಂದಳು ಓಯ್ ಮೇಡಂ ಇಂಗ್ಲಿಷಿನಲ್ಲಿ, ನಗು ಸ್ವಲ್ಪ ಕಡಿಮೆ ಮಾಡಿಕೊಂಡು.

"ಭಾಷೆ ಹುಟ್ಟಿದ್ದೇ ನಮ್ಮಲ್ಲಿ."

"ಹುಟ್ಟಿದ ಮನೆಯಲ್ಲೇ ಕೂತು ಕೂತು ಮಂಕಾಗಿದೆ."

ಆತ ಅದನ್ನು ಬರೆದುಕೊಳ್ಳಲು ನೋಡಿದ, ಜೇಬಿನಲ್ಲಿ ಲೇಖನಿ ಇರಲಿಲ್ಲ. ಓಯ್ ಮೇಡಂ ಸೌಜನ್ಯಕ್ಕೆ ಸಾಹೇಬರತ್ತ ತಿರುಗಿ ಇವರಿಗೊಂದು ಪಿನ್ ಕೊಡಿ ಅಂದಳು. ಅವಳ ದೇಶದಲ್ಲಿ ಪೆನ್ನಿಗೆ ಹಾಗೇ ಅನ್ನುತ್ತಿದ್ದರು. ಸಾಹೇಬರು ಗುಂಡುಸೂಜಿಯ ಡಬ್ಬಿ ತರಿಸಿ ಎರಡೂ ಕೈಯಲ್ಲಿ ಒಪ್ಪಿಸಿದರು. ಬುಸ್ ಸಾಹೇಬ ಡಬ್ಬಿಯನ್ನೂ ಅವಳನ್ನೂ ನೋಡಿ, ಇಂಥ ಸ್ವರದವರು ಬೇರೆಯವರಿಗೆ ಸ್ವರ ಕಲಿಸುವುದೇ ಎಂದ. ಅಲ್ಲಿಂದ ಮುಂದೆ ಇಬ್ಬರೂ ಒಬ್ಬರ ಮೇಲೊಬ್ಬರು ಪದ ಎಸೆಯತೊಡಗಿದರು. ಒಬ್ಬರಿಗೆ ಎರಡಾಗಿ ಕೇಳುವ ಸ್ವರ ಇನ್ನೊಬ್ಬರಿಗೆ ಒಂದೇ. ಒಬ್ಬರು ಎಳೆಯುವಲ್ಲಿ ಇನ್ನೊಬ್ಬರು ಕತ್ತರಿಸುತ್ತಾರೆ. ಸಾಹೇಬರು ಯಾರು ಮಾತಾಡಿದರೂ "ಎಸ್ ಎಸ್" ಎನ್ನುತ್ತಾ ಮಧ್ಯದಲ್ಲಿ ತಲೆಯಾಡಿಸಿದರು. ತಾಯಿನುಡಿ ಒಂದೇ ಆದ ಇಬ್ಬರು ಹೀಗೆ ಅರ್ಧ ಗಂಟೆ ಪರಸ್ಪರ "ಏನಂದಿರಿ" ಎಂದು ಕೇಳಿಕೊಂಡರು.

ಮೈಕಮ್ಮ ಇಬ್ಬರನ್ನೂ ನೋಡಿ ಸಾಕಾಗಿ, ಕಲಿತದ್ದನ್ನೆಲ್ಲ ಮರೆತು, ತನ್ನ ಹಳೆಯ ಕಿಟಕಿ ಇಂಗ್ಲಿಷಿನಲ್ಲಿ, ಒಂದೊಂದು ಸ್ವರವನ್ನೂ ಪೂರ್ತಿ ತೆರೆದು ಹೇಳಿದಳು. "ಸರ್, ಮೇಡಂ, ಟೀ ಆರಿಹೋಗ್ತಾ ಇದೆ."

ಇಬ್ಬರೂ ಒಂದೇ ಸಲಕ್ಕೆ ಅರ್ಥ ಮಾಡಿಕೊಂಡು ಲೋಟ ಕೈಗೆತ್ತಿಕೊಂಡರು. ಆ ಕೋಣೆಯಲ್ಲಿ ಆ ಬೆಳಗ್ಗೆ ಎಲ್ಲರಿಗೂ ತಿಳಿದ ಇಂಗ್ಲಿಷ್ ವಾಕ್ಯ ಅದೊಂದೇ. ಅದಕ್ಕೆ ಅಂಕ ಇರಲಿಲ್ಲ.

ಬುಸ್ ಸಾಹೇಬ "ಸುಧಾರಣೆಗೆ ಅವಕಾಶವಿದೆ" ಎಂದು ಬರೆದು ಹೋದ. ಸಾಹೇಬರು ಅದನ್ನು ಹೊಗಳಿಕೆ ಎಂದು ತಿಳಿದು, ಮುಂದಿನ ಸೋಮವಾರವನ್ನು ಶುದ್ಧ ಸ್ವರ ದಿನ ಎಂದು ಸಾರಿದರು. ಬಟ್ಟೆಯ ಫಲಕ ಕಟ್ಟಿಸಿದರು. ಮೈಕಮ್ಮನ ಮುಂದೆ ಹೊಸ ಪ್ರಕಟಣೆಯ ಹಾಳೆ ಇಟ್ಟು, ಗಡಿಯಾರ, ನೀರು, ಹಣ್ಣಿನಂಗಡಿ ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು.

"ಇದೇನು ಸಂತೆಯಾ? ಗೇಟಿನ ಅಕ್ಷರ ಹೇಳಿ ಸಾಕು. ಕನ್ನಡದಲ್ಲಿ ಹೇಳುವಾಗ್ಲೂ ಅಕ್ಷರ ಮಾತ್ರ ಮೇಡಂ ಕಲಿಸಿದ ಹಾಗೇ ಬರಬೇಕು."

"ಸರ್, ಗುರುತು ಹೇಳದೆ ಹೋದ್ರೆ ಜನ..."

"ಸ್ವರ ಶುದ್ಧವಾಗಿದ್ರೆ ಗುರುತು ಯಾಕ್ರೀ ಬೇಕು?"

ಸೋಮವಾರ ಬೆಳಗ್ಗೆ ಸಮುದ್ರದ ಊರಿನ ಬಸ್ಸು ಎ ಗೇಟಿನಲ್ಲಿ, ಕಲ್ಲುಕ್ವಾರಿ ಊರಿನ ಬಸ್ಸು ಐ ಗೇಟಿನಲ್ಲಿ ನಿಂತಿದ್ದವು. ನಿಲ್ದಾಣದ ನಡುವೆ ನಿವೃತ್ತ ದಂತವೈದ್ಯರ ತಂಡವೊಂದು, ಹತ್ತು ಹನ್ನೆರಡು ದೇಶದ ನಲವತ್ತು ಮಂದಿ, ಹುಲ್ಲಿನ ಟೋಪಿ ಹಾಕಿಕೊಂಡು ಸಮುದ್ರಕ್ಕೆ ಹೊರಟು ನಿಂತಿತ್ತು. ಮೈಕಮ್ಮ ಕೆಂಪು ದೀಪ ಹಾಕಿದಳು. ಅವಳ ಕಲಿಕೆಯಲ್ಲಿ ಕೊರತೆ ಇರಲಿಲ್ಲ. ಸಮುದ್ರದ ಬಸ್ಸು ಗೇಟ್ ಐ ಎಂದಳು, ಓಯ್ ಮೇಡಂನ ಪಡಿಯಚ್ಚಿನಂತೆ. ದಂತವೈದ್ಯರು ನಡೆದು ಹೋಗಿ ಐ ಎಂದು ಬರೆದಿದ್ದ ಗೇಟಿನಲ್ಲಿ ನಿಂತ ಬಸ್ಸನ್ನು ಹತ್ತಿ ಕೂತರು. ನಲವತ್ತು ಜನಕ್ಕೂ ಒಂದೇ ಚೀಟಿ, ಅದು ತಂಡದ ಮುಖಂಡನ ಜೇಬಿನಲ್ಲಿ. ಆ ಕಂಡಕ್ಟರು ಜನ ಬಸ್ಸಿಳಿಯುವಾಗಷ್ಟೇ ಟಿಕೆಟ್ ನೋಡುವವನು.

ಆಮೇಲೆ ಕ್ವಾರಿ ಬಸ್ಸಿನ ಸರದಿ. ಮೈಕಮ್ಮ ಶುದ್ಧವಾಗಿ ಓಯ್ ಅಂದಳು. ಇಡೀ ನಿಲ್ದಾಣ ತಲೆ ಎತ್ತಿ ಧ್ವನಿಪೆಟ್ಟಿಗೆಯನ್ನು ನೋಡಿತು. ಯಾರನ್ನು ಕರೀತಿದ್ದಾಳೆ ಎಂದು ಜನ ಅಕ್ಕಪಕ್ಕ ವಿಚಾರಿಸಿದರು. ಕ್ವಾರಿಗೆ ಹೋಗಬೇಕಾದ ಹದಿನಾಲ್ಕು ಜನ ಕಲ್ಲುಕುಟಿಗರು ಹಣ್ಣಿನಂಗಡಿಯ ಎದುರೇ ಕೂತು ತಮ್ಮ ಬಸ್ಸಿನ ಕರೆಗಾಗಿ ಕಾದರು. ಬಸ್ಸು ಅವರ ಕಣ್ಣೆದುರೇ ಟೋಪಿಗಳನ್ನು ತುಂಬಿಕೊಂಡು ಹೋಯಿತು. ಯಾವುದೋ ಪ್ರವಾಸದ ಬಸ್ಸು ಅಂದುಕೊಂಡರು.

ಅಂದು ಪ್ರಕಟಣೆಯನ್ನು ನಂಬಿ ಸರಿಯಾದ ಬಸ್ಸು ಹತ್ತಿದವರು ಇಬ್ಬರೇ, ಓಯ್ ಮೇಡಂನ ದೇಶದ ಗಂಡ ಹೆಂಡತಿ. ಕೊನೆಗೂ ಮನುಷ್ಯರಂತೆ ಮಾತಾಡುವ ನಿಲ್ದಾಣ ಸಿಕ್ಕಿತು ಎಂದು ಅವರು ಅಭಿಪ್ರಾಯದ ಪುಸ್ತಕದಲ್ಲಿ ಬರೆದು, ಖಾಲಿ ಬಸ್ಸಿನಲ್ಲಿ ಕಾಲು ಚಾಚಿಕೊಂಡು ಸಮುದ್ರ ನೋಡಲು ಹೋದರು. ಸಾಹೇಬರು ಆ ಪುಟದ ನಕಲು ತೆಗೆಸಿ ಚೌಕಟ್ಟು ಹಾಕಿಸಲು ಕಳಿಸಿದರು.

ದಂತವೈದ್ಯರಿಗೆ ಅನುಮಾನ ಬಂದಾಗ ಬಸ್ಸು ಕಲ್ಲಿನ ದೂಳಿನ ನಡುವೆ ನಿಂತಿತ್ತು. ಮರಳುವ ಬಸ್ಸು ಸಂಜೆಗೆ. ಕೈಕಟ್ಟಿ ಕೂತು ಅಭ್ಯಾಸವಿಲ್ಲದ ಜನ, ಕಲ್ಲಿನ ಮೇಲೆ ಸಾಲಾಗಿ ಕೂತು ಕ್ವಾರಿಯವರ ಬಾಯಿ ತೆರೆಸಿ ಹಲ್ಲು ನೋಡತೊಡಗಿದರು. ಆ ಹತ್ತು ಹನ್ನೆರಡು ದೇಶದವರಿಗೂ ಕಲ್ಲು ಒಡೆಯುವವರಿಗೂ ನಡುವೆ ನಡೆದ ಮಾತು "ಆ" ಎಂಬ ಒಂದೇ ಸ್ವರದ್ದು. ಅದರಲ್ಲಿ ಯಾರಿಗೂ ಗೊಂದಲವಾಗಲಿಲ್ಲ. ಮರುದಿನ ಪತ್ರಿಕೆಯಲ್ಲಿ ಚಿತ್ರ ಬಂತು, ಕೆಳಗೆ ತಪ್ಪು ಬಸ್ಸಿನ ಕತೆಯೂ ಬಂತು.

ಮೇಲಿನವರು ಸಾಹೇಬರನ್ನು ವಿವರಣೆ ಕೇಳಿದರು. ಸಾಹೇಬರು ಮೈಕಮ್ಮನಿಗೆ ಮೆಮೊ ಕೊಟ್ಟರು. ತಜ್ಞರಿಂದ ಪಡೆದ ಸ್ವರಗಳನ್ನು ದುರುದ್ದೇಶದಿಂದ ವಿರೂಪಗೊಳಿಸಿ ಇಲಾಖೆಯ ಹೆಸರು ಕೆಡಿಸಿದ್ದಕ್ಕೆ ನಿಮ್ಮನ್ನು ಯಾಕೆ ಅಮಾನತಿನಲ್ಲಿ ಇಡಬಾರದು, ಎಂದಿತ್ತು. ಟೈಪು ಮಾಡುವಾಗ ಟೈಪಕ್ಕನ ಕಣ್ಣೀರು ಬಿದ್ದು ಎರಡು ಕಡೆ ಶಾಯಿ ಹರಡಿತ್ತು.

"ಈಗ ನಾನೇ ಹೋಗ್ತೀನಿ," ಎಂದು ಎದ್ದ ಟೈಪಕ್ಕನ ಹೆಗಲು ಅದುಮಿ ಕೂರಿಸಿ, ಮೈಕಮ್ಮ ಕೈಚೀಲ ತೆಗೆದುಕೊಂಡು ಸಾಹೇಬರ ಕೋಣೆಗೆ ಹೋದಳು. ಮೈಕಿನ ಹಿಂದೆ ಸಾವಿರ ಜನಕ್ಕೆ ಹೇಳುವುದು ಬೇರೆ, ಮೇಜಿನ ಹಿಂದಿನ ಒಬ್ಬರಿಗೆ ಹೇಳುವುದು ಬೇರೆ.

"ಉತ್ತರ ಬರೆದು ತಂದ್ರಾ?" ಎಂದರು ಸಾಹೇಬರು.

"ಇಲ್ಲ ಸರ್. ಓದಿಸಿಕೊಂಡು ಹೋಗೋಣ ಅಂತ ಬಂದೆ." ಅವಳು ಕಾಗದ ಮೇಜಿನ ಮೇಲೆ ಇಟ್ಟಳು. "ಈ ದೂರು ನೀವೇ ಒಂದ್ಸಲ ನಿಮ್ಮ ಬಾಯಲ್ಲೇ ಓದಿ ಸರ್. ಎರಡನೇ ಪುಟ."

ಸಾಹೇಬರು ಓದಿದರು. ತುಟಿಗಳು ಅಲ್ಲಾಡಿ ನಿಂತವು. ಇನ್ನೊಮ್ಮೆ ಓದಿದರು. ಕಿವಿ ಕೆಂಪಾಯಿತು.

"ಇದನ್ನ ಟೈಪು ಮಾಡಿದ್ದು ಯಾರು?"

"ಯಾರೋ ಮಾಡಿರ್ತಾರೆ ಸರ್. ಮನುಷ್ಯರ ಕಣ್ಣು. ಆದ್ರೆ ಮೂಲದ ಜೊತೆ ಹೋಲಿಸಿ ನೋಡಿದೆ, ಸರಿಯಿದೆ ಅಂತ ಟೈಪಿನ ಪ್ರತಿ ಕೆಳಗೆ ಸಹಿ ಇದೆಯಲ್ಲ, ಅದು ಯಾರದು ಅಂತ ಮೇಲಿನೋರು ಮೊದಲು ಕೇಳ್ತಾರೆ. ಟವೆಲ್ ಒಗೆಸೋದು ಬಿಟ್ಟು ಹೊರದೇಶದಿಂದ ಮೇಡಂನ ಕರೆಸಿದ್ದು ಯಾಕೆ ಅಂತಲೂ ಕೇಳ್ತಾರೆ."

ಸಾಹೇಬರು ನೀರು ಕುಡಿದರು.

"ನೀವೇನು ಹೇಳ್ತಾ ಇದ್ದೀರಿ?" ಎಂದರು. ಅವರ ಇಂಗ್ಲಿಷ್ ಎಲ್ಲಿಗೋ ಹೋಗಿಬಿಟ್ಟಿತ್ತು.

"ಏನಿಲ್ಲ ಸರ್. ಮೆಮೊ ವಾಪಸ್ ತಗೊಳ್ಳಿ. ನನ್ನ ಗಡಿಯಾರ, ನನ್ನ ಹಣ್ಣಿನಂಗಡಿ ನನಗೆ ವಾಪಸ್ ಕೊಡಿ. ಇದು ಟೈಪಿಸ್ಟಿನ ತನಕ ಹೋಗೋದು ಬೇಡ. ಮತ್ತೆ ಆ ಟವೆಲ್ ಬದಲಾಯಿಸಿ. ನಾನು ನೋಡಿಕೊಂಡು ಬಂದೆ. ಆ ಮನುಷ್ಯ ಬರೆದಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ."

ಸಂಜೆಯೊಳಗೆ ಮೆಮೊ ಹರಿದುಹೋಯಿತು. ದಂತವೈದ್ಯರ ಪ್ರಕರಣಕ್ಕೆ ಗಾಳಿಯ ದಿಕ್ಕು ಕಾರಣವೆಂದು ವಿವರಣೆ ಹೋಯಿತು, ಮೇಲಿನವರು ಅದನ್ನು ಒಪ್ಪಿದರು. ಟವೆಲ್ಲುಗಳು ಬದಲಾದವು. ಹೊಸ ಬಗೆಯ ನಿಲ್ದಾಣ ನಿರ್ವಹಣೆಗಾಗಿ ಸಾಹೇಬರಿಗೆ ಅದೇ ವರ್ಷ ಬಡ್ತಿಯಾಯಿತು. ಅವರೀಗ ಇನ್ನೂ ದೊಡ್ಡ ನಿಲ್ದಾಣವೊಂದರಲ್ಲಿ ಇನ್ನೂ ದೊಡ್ಡ ಹಾವುಗಳನ್ನು ತರಿಸುತ್ತಿದ್ದಾರಂತೆ.

ಓಯ್ ಮೇಡಂ ಊರಿಗೆ ಹೊರಡುವ ಮುಂಚೆ ಮೆಟ್ಟಿಲು ಹತ್ತಿ ಮೈಕಮ್ಮನನ್ನು ನೋಡಲು ಬಂದಳು. ಕುರ್ಚಿ ಒಂದೇ ಇದ್ದುದರಿಂದ ಇಬ್ಬರೂ ನಿಂತೇ ಮಾತಾಡಿದರು. ಅಂದು ಎಲ್ಲರೆದುರು ನಿಮ್ಮ ಧ್ವನಿ ಕೇಳಿಸಬಾರದಿತ್ತು ಎಂದು ಅವಳು ಹೇಳಿದಳು. ತಾನು ಹುಡುಗಿಯಾಗಿದ್ದಾಗ ಇಂಗ್ಲಿಷ್ ಹುಟ್ಟಿದ ಆ ದೇಶಕ್ಕೆ ಓದಲು ಹೋಗಿದ್ದಳಂತೆ. ಮೊದಲ ದಿನ ತರಗತಿಯಲ್ಲಿ ಎದ್ದು ನಿಂತು ಒಂದು ವಾಕ್ಯ ಓದಿದ್ದಕ್ಕೆ ಮೂವತ್ತು ಜನ ನಕ್ಕರಂತೆ. ಒಂದು ವರ್ಷ ಬಾಯಿ ಬಿಡಲಿಲ್ಲವಂತೆ. ಆಮೇಲೆ ಹಟ ಹಿಡಿದು ಸ್ವರದ ವಿದ್ಯೆಯನ್ನೇ ಕಲಿತಳಂತೆ.

"ಹಾಗಾದ್ರೆ ನೀವೂ ನನ್ನ ಹಾಗೇ," ಅಂದಳು ಮೈಕಮ್ಮ ತನ್ನ ಇಂಗ್ಲಿಷಿನಲ್ಲಿ.

ಓಯ್ ಮೇಡಂ ಅವಳ ಕೈ ಹಿಡಿದುಕೊಂಡಳು. ಅವಳ ಬಸ್ಸನ್ನು ಮೈಕಮ್ಮ ಎರಡು ಸಲದ ಬದಲು ಮೂರು ಸಲ ಕೂಗಿದಳು.

ಟೈಪಕ್ಕ ಪೂರ್ತಿ ಪಿಂಚಣಿಯೊಂದಿಗೆ ನಿವೃತ್ತಳಾದಳು. ಮೈಕಮ್ಮ ಇನ್ನೂ ಐದು ವರ್ಷ ಕೂಗಿ, ಒಂದು ಶುಕ್ರವಾರ ಕೆಂಪು ದೀಪ ಆರಿಸಿ ಕೆಳಗಿಳಿದಳು. ಇಪ್ಪತ್ತನಾಲ್ಕು ವರ್ಷ ನೂರಾರು ಊರಿನ ಹೆಸರು ಹೇಳಿದ್ದ ಹೆಂಗಸು ಅವುಗಳಲ್ಲಿ ನಾಲ್ಕನ್ನೂ ಕಂಡಿರಲಿಲ್ಲ. ಮುಂದಿನ ವಾರವೇ ಟೈಪಕ್ಕನನ್ನು ಹೊರಡಿಸಿಕೊಂಡು ಸಮುದ್ರದ ಊರಿಗೆ ಹೋದಳು. ಗಂಡ ಇಬ್ಬರಿಗೂ ಬಿಸಿಲಿನ ಕನ್ನಡಕ ಕೊಟ್ಟು ಕಳಿಸಿದ.

ಆರು ಗಂಟೆಯ ದಾರಿ. ಬಸ್ಸು ಅಲ್ಲಿನ ನಿಲ್ದಾಣದೊಳಗೆ ತಿರುಗಿದಾಗ ಮೇಲಿನ ಧ್ವನಿಪೆಟ್ಟಿಗೆ ಏನನ್ನೋ ಗೊಣಗಿತು. ಇಬ್ಬರೂ ಕಿವಿಗೊಟ್ಟರು. ಅದು ಮತ್ತೆ ಗೊಣಗಿತು.

"ಏನಂದ?" ಎಂದಳು ಟೈಪಕ್ಕ.

"ಯಾರಿಗ್ ಗೊತ್ತು. ಬಾಯಿ ಬಿಟ್ಟು ಹೇಳೋಕೇನ್ ಕಷ್ಟ ಆ ಮನುಷ್ಯನಿಗೆ," ಎಂದು ಮೈಕಮ್ಮ ಚೀಲ ಹೆಗಲಿಗೇರಿಸಿ ಇಳಿದಳು. ಸಮುದ್ರ ಯಾವ ಕಡೆ ಎಂದು ಅಲ್ಲೇ ಕೂತಿದ್ದ ಮೂಟೆಯವನನ್ನು ಕೇಳಿದಳು. ಅವನು ಮಾತಾಡದೆ ಕೈ ತೋರಿಸಿದ. ಆ ಕಡೆಯಿಂದ ಉಪ್ಪಿನ ಗಾಳಿ ಬರುತ್ತಿತ್ತು. ಇಬ್ಬರೂ ಸೀರೆಯ ನೆರಿಗೆ ತುಸು ಎತ್ತಿಕೊಂಡು ನಡೆದರು.